ಫ್ರಾನ್ಸ್ ಬೇಡ ಅಂದ ನಾಣ್ಯ

[ದೃಶ್ಯ: ಅಂಗೈ ಮೇಲೆ 2 ಯೂರೋ ನಾಣ್ಯ, ನಿಧಾನವಾಗಿ ಮಗುಚುತ್ತದೆ]

ಯೂರೋ ನಾಣ್ಯದ ಒಂದು ಮುಖ ಎಲ್ಲ ದೇಶಗಳಿಗೂ ಒಂದೇ. ಇನ್ನೊಂದು ಮಾತ್ರ ಅದನ್ನು ಹೊರತಂದ ದೇಶದ್ದು. ಆದರೆ ಬ್ರಸೆಲ್ಸ್‌ನಲ್ಲಿ ಸಿಕ್ಕ ಚಿಲ್ಲರೆ ನಾಳೆ ಪ್ಯಾರಿಸ್‌ನ ಬೇಕರಿಯ ಗಲ್ಲಾಪೆಟ್ಟಿಗೆ ಸೇರಬಹುದು. ಹಾಗಾಗಿ ಸ್ಮರಣಾರ್ಥ 2 ಯೂರೋ ನಾಣ್ಯಕ್ಕೆ ನೆರೆಯವರ ಒಪ್ಪಿಗೆಯೂ ಬೇಕು.

ಬಿಡುಗಡೆಗೆ ಕನಿಷ್ಠ 3 ತಿಂಗಳು ಮುಂಚೆ ಕರಡು ವಿನ್ಯಾಸ ಐರೋಪ್ಯ ಒಕ್ಕೂಟದ ಕೌನ್ಸಿಲ್‌ಗೆ, ಆಯೋಗಕ್ಕೆ ಮತ್ತು ಯೂರೋ ಬಳಸುವ ಉಳಿದ ದೇಶಗಳಿಗೆ ಹೋಗಬೇಕು. ಇದನ್ನು ನೋಡಿ ನಮ್ಮ ಜನ ಕೆರಳಬಹುದು ಅನ್ನಿಸಿದ ದೇಶ 7 ದಿನದೊಳಗೆ ಕಾರಣ ಸಮೇತ ಆಕ್ಷೇಪ ಸಲ್ಲಿಸಬಹುದು.

[ದೃಶ್ಯ: ವಾಟರ್‌ಲೂ ರಣಭೂಮಿ, ಸಿಂಹದ ದಿಬ್ಬ]

2015ರಲ್ಲಿ ಬೆಲ್ಜಿಯಂ ಎಡವಿದ್ದು ಇಲ್ಲೇ. ನೆಪೋಲಿಯನ್ 1815ರ ಜೂನ್ 18ರಂದು ಸೋತ ವಾಟರ್‌ಲೂ ಇರುವುದು ಬೆಲ್ಜಿಯಂನಲ್ಲಿ. ಆ ಯುದ್ಧದ 200ನೇ ವರ್ಷಕ್ಕೆಂದು 2 ಯೂರೋ ನಾಣ್ಯ ಸಿದ್ಧವಾಯಿತು. ಫ್ರಾನ್ಸ್ ಆಕ್ಷೇಪಿಸಿತು, ಬೆಲ್ಜಿಯಂ ಪ್ರಸ್ತಾವ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಟಂಕಸಾಲೆಯಲ್ಲಿ ಸುಮಾರು 1,80,000 ನಾಣ್ಯ ಅಚ್ಚಾಗಿಬಿಟ್ಟಿತ್ತು. ಒಪ್ಪಿಗೆಗೆ ಮುಂಚೆ ಅಚ್ಚು ಹೊಡೆದಿದ್ದೇ ತಪ್ಪು. ಅಷ್ಟನ್ನೂ ನಾಶ ಮಾಡಬೇಕಾಯಿತು.

ಫ್ರಾನ್ಸ್‌ನದು ಅತಿಯಾಯಿತು ಅಂತ ಕೆಲವರಿಗೆ ಅನ್ನಿಸಬಹುದು. ನಮಗೆ ಹಾಗನ್ನಿಸುವುದಿಲ್ಲ. ಯುದ್ಧ ಸ್ಮಾರಕ ನೋಡಬೇಕು ಅನ್ನುವವರು ತಾವೇ ಹೋಗಿ ನೋಡುತ್ತಾರೆ, ಚಿಲ್ಲರೆ ಮಾತ್ರ ಯಾರನ್ನೂ ಕೇಳದೆ ಜೇಬಿಗೆ ಬಂದು ಬೀಳುತ್ತದೆ.

ಬೆಲ್ಜಿಯಂ ಆಮೇಲೆ ಹಿಡಿದದ್ದು ಸಂಗ್ರಾಹಕರ ನಾಣ್ಯದ ದಾರಿ. ಇದರ ಮುಖಬೆಲೆ ಚಲಾವಣೆಯ ನಾಣ್ಯಗಳಲ್ಲಿ ಇರಕೂಡದು. ಬಣ್ಣ, ತೂಕ, ವ್ಯಾಸ ಈ ಮೂರರಲ್ಲಿ ಕನಿಷ್ಠ ಎರಡು ಎದ್ದು ಕಾಣುವಷ್ಟು ಬೇರೆ ಇರಬೇಕು. ಬದಲಿಗೆ ಯಾರ ಒಪ್ಪಿಗೆಯೂ ಬೇಡ, ಏಕೆಂದರೆ ಅದು ನಡೆಯುವುದು ಹೊರತಂದ ದೇಶದೊಳಗೆ ಮಾತ್ರ. ಹೀಗೆ ಹುಟ್ಟಿತು ಎರಡೂವರೆ ಯೂರೋ ನಾಣ್ಯ! ಟಂಕಿಸಿದ್ದು 70,000, ಮಾರಿದ ಬೆಲೆ 6 ಯೂರೋ.

[ದೃಶ್ಯ: ನಾಣ್ಯದ ಹತ್ತಿರದ ಚಿತ್ರ]

ರಣಭೂಮಿಯ ಸ್ಮಾರಕವಾದ ಸಿಂಹದ ದಿಬ್ಬ ಕಾಣುತ್ತಿದೆಯಲ್ಲ, ಜೊತೆಗೆ ಇರುವ ಈ ಗೆರೆಗಳನ್ನು ನೋಡಿ. ಅಂದು ಸೈನ್ಯಗಳು ನಿಂತಿದ್ದ ಸಾಲುಗಳು ಅವು.

[ದೃಶ್ಯ: ಪಕ್ಕಪಕ್ಕದಲ್ಲಿ ಎರಡು ನಾಣ್ಯ]

ಇದೇ ಫ್ರಾನ್ಸ್ 2013ರಲ್ಲಿ ಜರ್ಮನಿಯ ಜೊತೆ ಸೇರಿ ಒಂದೇ ವಿನ್ಯಾಸದ 2 ಯೂರೋ ನಾಣ್ಯ ಹೊರತಂದಿತ್ತು. ಎರಡು ದೇಶಗಳು 1963ರ ಜನವರಿ 22ರಂದು ಸಹಿ ಹಾಕಿದ ಎಲಿಜೆ ಎಂಬ ಸ್ನೇಹ ಒಪ್ಪಂದಕ್ಕೆ ಆಗ 50 ವರ್ಷ. ಸಹಿ ಹಾಕಿದ ಜರ್ಮನಿಯ ಚಾನ್ಸಲರ್ ಅಡೆನಾವರ್ ಮತ್ತು ಫ್ರಾನ್ಸ್ ಅಧ್ಯಕ್ಷ ದ ಗಾಲ್ ಇಬ್ಬರ ಮುಖವೂ, ಇಬ್ಬರ ಸಹಿಯೂ ಅದರಲ್ಲಿವೆ. ಯಾವುದು ಯಾರದ್ದು ಅಂತ ತಿಳಿಯಬೇಕೆ? ಅಕ್ಷರ ಹುಡುಕಿ: 'ಆರ್‌ಎಫ್' ಇದ್ದರೆ ಫ್ರಾನ್ಸ್, 'ಡಿ' ಇದ್ದರೆ ಜರ್ಮನಿ.