ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕಷಾಯ ಮತ್ತು ಮಾತ್ರೆ

ಕೇಳುಗರಿಗೆಲ್ಲ ನಮಸ್ಕಾರ.

ನಲವತ್ತೈದು ದಾಟಿದ ಹೆಣ್ಣುಮಕ್ಕಳು ಮೂರು ಜನ ಒಟ್ಟಿಗೆ ಕೂತರೆ ಸಾಕು, ಈ ಮಾತು ಬಂದೇ ಬರುತ್ತದೆ. ‘ಇದ್ದಕ್ಕಿದ್ದ ಹಾಗೆ ಎದೆಯಿಂದ ಮುಖದವರೆಗೆ ಝಳ ಹೊಡೆದ ಹಾಗಾಗುತ್ತೆ ಕಣೇ.’ ‘ನಂಗೂ ಅಷ್ಟೇ, ರಾತ್ರಿ ರವಿಕೆಯೆಲ್ಲ ಒದ್ದೆ.’ ಒಬ್ಬರು ಲಾವಂಚದ ನೀರು ಕುಡಿ ಅನ್ನುತ್ತಾರೆ. ಇನ್ನೊಬ್ಬರು ಶತಾವರಿ ಪುಡಿ ತಗೋ ಅನ್ನುತ್ತಾರೆ. ಮತ್ತೊಬ್ಬರು, ಗರ್ಭಕೋಶ ತೆಗೆಸಿಬಿಡು, ರಗಳೆಯೇ ಇರಲ್ಲ ಅನ್ನುತ್ತಾರೆ. ಡಾಕ್ಟರ ಹತ್ತಿರ ಹೋದರೆ, ‘ವಯಸ್ಸಾಯ್ತಲ್ಲಮ್ಮ, ಇದೆಲ್ಲ ಇದ್ದದ್ದೇ’ ಅನ್ನುವ ಉತ್ತರ ಸಿಗುವುದೂ ಉಂಟು.

ನಾನು ಸ್ತ್ರೀರೋಗ ತಜ್ಞೆ. ಇಂಗ್ಲಿಷ್ ಔಷಧಿ ಬರೆಯುವವಳು. ಆದರೆ ಯೋಗ, ಆಯುರ್ವೇದ, ಮನೆಮದ್ದು ಎಲ್ಲ ಬಿಟ್ಟುಬಿಡಿ ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ಎರಡನ್ನೂ ಬಳಸಬಹುದು. ಯಾವ ಹಂತದಲ್ಲಿ, ಯಾವ ತೊಂದರೆಗೆ ಯಾವುದು ಅನ್ನುವುದು ಗೊತ್ತಿರಬೇಕು. ಜೊತೆಗೆ, ವೈದ್ಯರ ಹತ್ತಿರ ಮಾತ್ರೆಯನ್ನೋ ಕಷಾಯವನ್ನೋ ಮುಚ್ಚಿಡಬಾರದು.

ಮುಟ್ಟು ಒಂದೇ ದಿನ ನಿಲ್ಲುವುದಿಲ್ಲ. ಕೆಲವು ವರ್ಷ ಮೊದಲೇ ಅದರ ಲೆಕ್ಕ ತಪ್ಪುತ್ತದೆ. ಒಂದು ಸಲ ಇಪ್ಪತ್ತು ದಿನಕ್ಕೇ ಬರುತ್ತದೆ, ಇನ್ನೊಂದು ಸಲ ಎರಡು ತಿಂಗಳು ಸುದ್ದಿಯೇ ಇಲ್ಲ. ಪೂರ್ತಿ 12 ತಿಂಗಳು ಕಾಣದಿದ್ದರೆ ಆಗ ನಿಂತಿತು ಅಂತ ಲೆಕ್ಕ. ಸುಶ್ರುತ ಸಂಹಿತೆಯಲ್ಲಿ 12ಕ್ಕೆ ಶುರುವಾಗಿ 50ಕ್ಕೆ ನಿಲ್ಲುತ್ತದೆ ಅಂತ ಇದೆ. ಈಗ ನಮ್ಮ ದೇಶದಲ್ಲಿ ಸರಾಸರಿ 46, 47ರ ಹೊತ್ತಿಗೆ ನಿಲ್ಲುತ್ತದೆ. ಅಮೆರಿಕದಲ್ಲಿ 51ರ ಆಸುಪಾಸು. 40ಕ್ಕೆ ಮೊದಲೇ ನಿಂತರೆ ಮಾತ್ರ ಅದನ್ನು ಸಹಜ ಅಂತ ಬಿಡಬೇಡಿ. ಅಂಥವರಿಗೆ ಮೂಳೆ, ಹೃದಯ ಕಾಪಾಡಿಕೊಳ್ಳಲು ಸಾಮಾನ್ಯವಾಗಿ ಹಾರ್ಮೋನ್ ಬೇಕಾಗುತ್ತದೆ. ಅದು ಕಷಾಯದಿಂದ ಆಗುವ ಕೆಲಸ ಅಲ್ಲ.

ಮೊದಲ ಹಂತದಲ್ಲಿ, ಅಂದರೆ ಲೆಕ್ಕ ತಪ್ಪುವ ವರ್ಷಗಳಲ್ಲಿ, ಹೆಚ್ಚಿನವರನ್ನು ಕಾಡುವುದು ರಕ್ತಸ್ರಾವ. ಗಡ್ಡೆ ಗಡ್ಡೆಯಾಗಿ ಹೋಗುತ್ತದೆ, ಹತ್ತು ದಿನವಾದರೂ ನಿಲ್ಲುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ತುಂಬಾ ಜನ ಆಯುರ್ವೇದದ ಅಶೋಕಾರಿಷ್ಟ ಕುಡಿಯುತ್ತಾ ಆರೆಂಟು ತಿಂಗಳು ಕಳೆದುಬಿಡುತ್ತಾರೆ. ನನ್ನ ತಕರಾರು ಅಶೋಕಾರಿಷ್ಟದ ಮೇಲಲ್ಲ, ಪರೀಕ್ಷೆ ಇಲ್ಲದೆ ಕಳೆದ ಆ ತಿಂಗಳುಗಳ ಮೇಲೆ. ಜಾಸ್ತಿ ಹೋಗುತ್ತಿದೆ ಅಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ, ಥೈರಾಯ್ಡ್ ನೋಡಿಸಿ, ಒಂದು ಸ್ಕ್ಯಾನ್ ಮಾಡಿಸಿ. ವಯಸ್ಸು 45 ದಾಟಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು. ಕಾರಣ ಗೊತ್ತಾದ ಮೇಲೆ ಔಷಧಿಯ ಮಾತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಗರ್ಭಕೋಶ ತೆಗೆಸುವುದು ಕೊನೆಯ ದಾರಿ, ಮೊದಲನೆಯದಲ್ಲ. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ. ಕಾಪರ್-ಟಿಯ ಹಾಗೆ ಒಳಗೆ ಇಡುವ, ಹಾರ್ಮೋನ್ ಬಿಡುವ ಸಾಧನವೂ ಇದೆ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಬಡ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ಸಂಗತಿ ಕೆಲವು ವರ್ಷಗಳ ಹಿಂದೆ ಬಯಲಿಗೆ ಬಂತು. ಇನ್ನೂ ಮಕ್ಕಳನ್ನು ಸಾಕುವ ವಯಸ್ಸಿನವರು ಅವರು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ವಿಚಾರದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಕೇಂದ್ರದ ಮಾರ್ಗಸೂಚಿ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಿಹೋಗುತ್ತದೆ. ಅದಕ್ಕೇ ಯಾರಾದರೂ ಆಪರೇಷನ್ ಅಂದರೆ, ‘ಅಂಡಾಶಯ ಉಳಿಸುತ್ತೀರಾ?’ ಅಂತ ಕೇಳಿ. ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

ಇನ್ನು ಝಳ ಹೊಡೆದು ಮೈ ಬಿಸಿಯಾಗುವುದು, ಬೆವರು, ನಿದ್ದೆಗೇಡು. ಅಂಡಾಶಯ ತಯಾರಿಸುವ ಈಸ್ಟ್ರೋಜೆನ್ ಅನ್ನುವ ಹಾರ್ಮೋನ್ ಇಳಿದಾಗ ಮೆದುಳಿನಲ್ಲಿ ಮೈಶಾಖ ನೋಡಿಕೊಳ್ಳುವ ಭಾಗ ಸೂಕ್ಷ್ಮವಾಗಿಬಿಡುತ್ತದೆ. ಚೂರು ಶಾಖ ಏರಿದರೂ ಸಾಕು, ರಕ್ತನಾಳ ಹಿಗ್ಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಚಳಿ. ‘ಪಿತ್ತ ಜಾಸ್ತಿಯಾಗಿದೆ’ ಅಂತ ನಮ್ಮ ಹಿರಿಯರು ಹೇಳುವುದು ಇದನ್ನೇ. ಇದು ಆರು ತಿಂಗಳಲ್ಲಿ ಹೋಗುವಂಥದ್ದಲ್ಲ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಜೋರಾಗಿ ಕಾಡುತ್ತಿದ್ದವರಲ್ಲಿ ಅರ್ಧ ಜನಕ್ಕೆ ಇದು 7 ವರ್ಷಕ್ಕೂ ಹೆಚ್ಚು ಕಾಲ ಇತ್ತು. ಸುಮ್ನೆ ಸಹಿಸಿಕೊಳ್ಳಿ ಅಂತ ನಾನಂತೂ ಹೇಳುವುದಿಲ್ಲ.

ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ, ಅಂದರೆ ಇಳಿದ ಹಾರ್ಮೋನನ್ನು ಔಷಧಿಯಾಗಿ ಕೊಡುವುದು. ಆದರೆ ಹಾರ್ಮೋನ್ ಅಂದ ಕೂಡಲೇ ಕ್ಯಾನ್ಸರ್ ಬರುತ್ತೆ ಅಲ್ವಾ ಮೇಡಂ ಅಂತ ಹೆದರುತ್ತಾರೆ. ಆ ಭಯಕ್ಕೆ ಮೂಲ 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೇ ನಿಲ್ಲಿಸಿದ ಒಂದು ಅಧ್ಯಯನ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿರೋನ್ ಬಗೆಯ ಹಾರ್ಮೋನ್ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಜನರಲ್ಲಿ 8 ಜನಕ್ಕೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಕಂಡಿತ್ತು. ಆ ಅಪಾಯ ಸುಳ್ಳಲ್ಲ. ಆದರೆ 60ರ ಒಳಗಿನವರು, ಮುಟ್ಟು ನಿಂತು 10 ವರ್ಷ ಆಗಿರದವರು, ಝಳದಿಂದ ನಿಜವಾಗಿ ನರಳುತ್ತಿರುವವರು ಇದನ್ನು ತೆಗೆದುಕೊಂಡರೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಜಾಸ್ತಿ ಅಂತ ಈಗ ಒಪ್ಪಿಕೊಂಡಿದ್ದಾರೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಕ್ವ ಅಥವಾ ಹೃದಯಾಘಾತ ಆಗಿದ್ದವರಿಗೆ, ಲಿವರ್ ಕೆಟ್ಟವರಿಗೆ ಇದು ಬೇಡ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜೆನ್ ತೆಗೆದುಕೊಳ್ಳುವಂತಿಲ್ಲ, ಜೊತೆಗೆ ಪ್ರೊಜೆಸ್ಟಿರೋನ್ ಇರಲೇಬೇಕು. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆ ಇದಲ್ಲ. ಹಾರ್ಮೋನ್ ಬೇಡ ಅನ್ನುವವರಿಗೆ ಬೇರೆ ಮಾತ್ರೆಗಳಿವೆ, ಮನಶ್ಶಾಸ್ತ್ರಜ್ಞರು ಕಲಿಸುವ ಮಾತಿನ ಚಿಕಿತ್ಸೆಯೂ ಝಳದ ಕಾಟ ಕಡಿಮೆ ಮಾಡುತ್ತದೆ.

ಹಾಗಾದರೆ ಯೋಗ? ಇದರ ಬಗ್ಗೆ ಒಳ್ಳೆಯ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು 120 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ. ಇನ್ನೊಂದಕ್ಕೆ ಹಗುರ ವ್ಯಾಯಾಮ. 8 ವಾರ ಕಳೆದ ಮೇಲೆ ಯೋಗದ ಗುಂಪಿನಲ್ಲಿ ಝಳ, ರಾತ್ರಿ ಬೆವರು, ನಿದ್ದೆಗೇಡು, ಮನಸ್ಸಿನ ಒತ್ತಡ ಹೆಚ್ಚು ಇಳಿದಿತ್ತು. 2008ರಲ್ಲಿ ಇದು ಪ್ರಕಟವಾಯಿತು. ಆಮೇಲೆ 2014ರಲ್ಲಿ ಅಮೆರಿಕದಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಯೋಗದಿಂದ ಝಳದ ಸಂಖ್ಯೆ ಕಡಿಮೆಯಾಗಲಿಲ್ಲ, ನಿದ್ದೆ ಮಾತ್ರ ಸುಧಾರಿಸಿತು. ಎರಡನ್ನೂ ಇಟ್ಟು ನೋಡಿ ನಾನು ನನ್ನ ಬಳಿ ಬರುವವರಿಗೆ ಹೇಳುವುದು ಇಷ್ಟು: ನಿದ್ದೆಗೆ, ಮನಸ್ಸಿಗೆ, ಬೆನ್ನಿಗೆ ಯೋಗ ಮಾಡಿ, ಧೈರ್ಯವಾಗಿ ಮಾಡಿ. ಝಳ ಇಳಿದರೆ ಸಂತೋಷ. ಎರಡು ತಿಂಗಳಾದರೂ ಇಳಿಯದಿದ್ದರೆ ಯೋಗ ಬಿಡಬೇಡಿ, ಅದರ ಜೊತೆಗೆ ಔಷಧಿಯ ಮಾತಾಡೋಣ ಬನ್ನಿ.

ಪುಡಿ, ಬೇರುಗಳ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯವರಿಗೆ ಒಂದು ಪುಡಿಯಿಂದ ಗುಣವಾಯಿತು ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಹಾರ್ಮೋನ್ ಚಿಕಿತ್ಸೆಯ ಪರೀಕ್ಷೆಗಳಲ್ಲಿ, ಔಷಧಿಯೇ ಇಲ್ಲದ ಬರೀ ಮಾತ್ರೆ ನುಂಗಿದವರಿಗೂ ಝಳ ಅರ್ಧಕ್ಕಿಂತ ಜಾಸ್ತಿ ಇಳಿದದ್ದು ಕಂಡಿದೆ. ಈ ತೊಂದರೆಯ ಸ್ವಭಾವವೇ ಹಾಗೆ, ಏರುತ್ತದೆ, ಇಳಿಯುತ್ತದೆ. ಅದಕ್ಕೇ ‘ಗುಣವಾಯಿತು’ ಅನ್ನುವ ಒಂದು ಮಾತು ಸಾಕಾಗುವುದಿಲ್ಲ. ಉತ್ತರ ಕರ್ನಾಟಕದ ಅಗಸಿ ಚಟ್ನಿ ನನಗೂ ಇಷ್ಟ. ಮಲಬದ್ಧತೆಗೆ ಒಳ್ಳೆಯದು. ಆದರೆ ಅಗಸೆಯನ್ನು ಝಳಕ್ಕೆ ಅಂತ ಕೊಟ್ಟು ಪರೀಕ್ಷಿಸಿದಾಗ ಅಗಸೆಯೇ ಇಲ್ಲದ ತಿನಿಸಿಗಿಂತ ಮೇಲು ಅಂತ ಕಾಣಲಿಲ್ಲ. ಊಟಕ್ಕೆ ಹಾಕಿಕೊಳ್ಳಿ, ಮದ್ದು ಅಂತ ನೆಚ್ಚಬೇಡಿ. ಮಜ್ಜಿಗೆ, ಎಳನೀರು, ಒಂದೆಲಗದ ತಂಬುಳಿ, ಲಾವಂಚದ ನೀರು ಇವೆಲ್ಲ ಧಾರಾಳವಾಗಿ ಇರಲಿ.

ನನಗೆ ಚಿಂತೆ ಇರುವುದು ಬೇರೆ ಕಡೆ. ನಮ್ಮ ಹೊರರೋಗಿ ವಿಭಾಗಕ್ಕೆ ಒಬ್ಬರು ಬಂದಿದ್ದರು. ಎದೆ ಹೊಡೆತ, ಸುಸ್ತು, ಬಿಪಿ ಹತೋಟಿಗೆ ಬರುತ್ತಿಲ್ಲ. ಬೇರೆ ಏನಾದರೂ ತಗೋತೀರಾ ಅಮ್ಮ ಅಂದರೆ, ‘ಏನಿಲ್ಲ ಮೇಡಂ.’ ಬೈಯುವುದಿಲ್ಲ, ಚೀಲದಲ್ಲಿ ಏನಿದೆಯೋ ಎಲ್ಲ ಮೇಜಿನ ಮೇಲಿಡಿ ಅಂದೆ. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಬಂತು. ಆಮೇಲೆ ಅಶ್ವಗಂಧದ ಡಬ್ಬಿ. ಜ್ಯೇಷ್ಠಮಧು ಬೆರೆಸಿದ ಕಷಾಯದ ಪುಡಿ, ಬೆಳಿಗ್ಗೆ ಸಂಜೆ ಎರಡೆರಡು ಚಮಚ. ಕೊನೆಗೆ, ಸೆರಗಿನ ತುದಿಯ ಗಂಟಿನಿಂದ ಪೇಪರಿನಲ್ಲಿ ಸುತ್ತಿದ ಕರಿ ಗುಳಿಗೆ. ಜಾತ್ರೆಯಲ್ಲಿ ಕೊಂಡದ್ದಂತೆ. ಹೆಸರಿಲ್ಲ, ಲೇಬಲ್ ಇಲ್ಲ.

ಅಶ್ವಗಂಧ, ನಮ್ಮ ಹಿರೇಮದ್ದು, ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮಾತ್ರೆಯ ಜೊತೆ ಸೇರಿದರೆ ಎದೆ ಹೊಡೆದುಕೊಳ್ಳಬಹುದು. ಅಪರೂಪಕ್ಕೆ ಲಿವರಿಗೂ ಪೆಟ್ಟು ಕೊಟ್ಟಿದೆ. ಜ್ಯೇಷ್ಠಮಧು ದಿನಾ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹೆಸರಿಲ್ಲದ ಗುಳಿಗೆಯಲ್ಲಿ ಸೀಸ ಇರಬಹುದು, ಸ್ಟಿರಾಯ್ಡ್ ಇರಬಹುದು, ಯಾರಿಗೆ ಗೊತ್ತು? ಆ ತಾಯಿ ಮುಚ್ಚಿಟ್ಟದ್ದು ಡಾಕ್ಟರು ಬೈಯುತ್ತಾರೆ ಅನ್ನುವ ಭಯಕ್ಕೆ. ಆಯುರ್ವೇದದ ಡಾಕ್ಟರ ಹತ್ತಿರ ಥೈರಾಯ್ಡ್ ಮಾತ್ರೆಯ ವಿಷಯವನ್ನೂ ಹೇಳಿರಲಿಲ್ಲ. ಹೇಳಿದ್ದರೆ ಅವರೇ ಬೇರೆ ಔಷಧಿ ಯೋಚಿಸುತ್ತಿದ್ದರು.

ಆದ್ದರಿಂದ ಎಲ್ಲಿಗೆ ಹೋದರೂ ಚೀಲ ಸಮೇತ ಹೋಗಿ. ಆಯುರ್ವೇದ ಮಾಡಿಸುವುದಾದರೆ ಬಿಎಎಂಎಸ್ ಓದಿದವರ ಹತ್ತಿರ ಮಾಡಿಸಿ, ಚೀಟಿ ಬರೆಸಿಕೊಳ್ಳಿ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಇನ್ನೂ ಹುಷಾರಾಗಿರಬೇಕು. ಝಳಕ್ಕೆ ಕೊಡುವ ಪ್ಯಾರೊಕ್ಸೆಟಿನ್ ಅನ್ನುವ ಮಾತ್ರೆಯೇ ಅದರ ಬಲ ಕುಗ್ಗಿಸುತ್ತದೆ. ಅಂದರೆ ಎಚ್ಚರ ಬೇರುಗಳಿಗೆ ಮಾತ್ರ ಅಲ್ಲ, ನಮ್ಮ ಔಷಧಿಗಳಿಗೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದದವರು ಆಧುನಿಕ ವೈದ್ಯರ ಜೊತೆ ಕೂತು ರೋಗಿಯನ್ನು ನೋಡುವ ಸಮಗ್ರ ಚಿಕಿತ್ಸೆಯ ವಿಭಾಗವೇ ಇದೆ. ಅಂಥದ್ದು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಹೆಂಗಸರಿಗಾಗಿ ಆಗಬೇಕು ಅನ್ನುವುದು ನನ್ನ ಆಸೆ.

ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನಿಸಿದರೆ ಅದನ್ನು ಮುಟ್ಟಿನ ತಲೆಗೆ ಕಟ್ಟಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮುಟ್ಟು ನಿಂತ ಮೇಲಿನ ಹಂತದಲ್ಲಿ ಝಳ ಮೆಲ್ಲಗೆ ಇಳಿಯುತ್ತದೆ, ಆದರೆ ಮೂಳೆ ಸವೆಯುವುದು ಆಗಲೇ. ಮೊದಲ ಐದಾರು ವರ್ಷ ಅದು ಬಲು ಬೇಗ. ಬಚ್ಚಲಲ್ಲಿ ಜಾರಿ ಕೈ ಊರಿದರೆ ಮಣಿಕಟ್ಟು ಮುರಿಯುವುದು ಇದರಿಂದಲೇ. ಇಲ್ಲಿ ನಮ್ಮ ಅಡುಗೆಮನೆಗೆ ನಿಜವಾದ ಶಕ್ತಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳಿನಲ್ಲಿ ಅದಕ್ಕೂ ಎಷ್ಟೋ ಪಟ್ಟು ಜಾಸ್ತಿ. ಮುದ್ದೆ, ಎಳ್ಳು ಚಟ್ನಿಪುಡಿ, ಸೊಪ್ಪು, ಮೊಸರು, ಜೊತೆಗೆ ಬಿಸಿಲಲ್ಲಿ ನಡಿಗೆ. ವಿಟಮಿನ್ ಡಿ ಕಡಿಮೆ ಇದ್ದರೆ ಮಾತ್ರೆ. ಮೂಳೆ ತೀರಾ ತೆಳುವಾಗಿದ್ದರೆ ಮುದ್ದೆಯೊಂದೇ ಸಾಲದು, ಅದಕ್ಕೆ ಬೇರೆಯೇ ಔಷಧಿ ಇದೆ.

ಇನ್ನೊಂದು ತೊಂದರೆಯನ್ನು ಹೆಂಗಸರು ಗಂಡನ ಹತ್ತಿರವೂ ಹೇಳುವುದಿಲ್ಲ. ಕೆಳಗೆ ಒಣಗುವುದು, ಉರಿ, ಸೇರಿದರೆ ನೋವು, ಪದೇ ಪದೇ ಉರಿಮೂತ್ರ. ಇದು ಝಳದ ಹಾಗೆ ತಾನಾಗಿ ಹೋಗುವುದಿಲ್ಲ. ಬಾರ್ಲಿ ನೀರು ಕುಡಿದರೂ ಹೋಗುವುದಿಲ್ಲ. ಇದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಆದ್ದರಿಂದ ಮಾತ್ರೆಯಷ್ಟು ಹೆದರಬೇಕಿಲ್ಲ. ನಾಚಿಕೆಪಡದೆ ಕೇಳಿ. ಡಾಕ್ಟರಿಗೆ ಇದು ಹೊಸ ಮಾತಲ್ಲ.

ಮತ್ತೆ, ಮುಟ್ಟು ನಿಂತು ವರ್ಷ ತುಂಬಿದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಅದು ಉಷ್ಣ ಅಲ್ಲ, ಮತ್ತೆ ಮುಟ್ಟಾದದ್ದೂ ಅಲ್ಲ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ, ಬೇಗ ಕಂಡರೆ ಗುಣವಾಗುವಂಥದ್ದು. ಅಂಥ ಹೊತ್ತಿನಲ್ಲಿ ಯಾವ ಕಷಾಯವೂ ಬೇಡ, ತಡೆಯುವ ಮಾತ್ರೆಯೂ ಬೇಡ. ಈ ಮಾತು ಕೇಳುತ್ತಿರುವ ಯಾರಿಗಾದರೂ ಹಾಗೆ ಕಂಡಿದ್ದರೆ, ಅಥವಾ ನಿಮ್ಮ ಅಮ್ಮನಿಗೋ ಅತ್ತೆಗೋ ಕಂಡಿದ್ದರೆ, ನಾಳೆ ಬೆಳಿಗ್ಗೆಯೇ ಹತ್ತಿರದ ಆಸ್ಪತ್ರೆಗೆ ಹೊರಡಿ.

ನಮಸ್ಕಾರ.