ಟೋಪಿಯವನಿಗೂ ಶಿಕ್ಷೆ, ಅಂಗಿಯವನಿಗೂ ಶಿಕ್ಷೆ

ಕೇಳುಗರಿಗೆ ನಮಸ್ಕಾರ. ಇವತ್ತು ರಾಜ್ಯ ನಡೆಸೋದು ಹೇಗೆ ಅಂತ ಬರೆದ ಚೀನಾದ ಚಿಂತಕ ಹಾನ್ ಫೈ ಬಗ್ಗೆ ಮಾತಾಡ್ತೀನಿ. ಕ್ರಿ.ಪೂ. 3ನೇ ಶತಮಾನದವನು. ಹೆಸರು ಹೇಳಿದ ಕೂಡಲೇ 'ಓ, ಚೀನಾದ ಚಾಣಕ್ಯ' ಅಂದುಬಿಡುತ್ತಾರೆ. ದಯವಿಟ್ಟು ಬೇಡ. ಚಾಣಕ್ಯ ರಾಜನನ್ನೇ ಗದ್ದುಗೆಗೆ ಏರಿಸಿದವನು ಅಂತ ಕತೆ ಇದೆ, ಈ ಪುಣ್ಯಾತ್ಮನ ಮಾತಿಗೆ ಸ್ವಂತ ರಾಜ್ಯದ ರಾಜನೇ ಕಿವಿಗೊಡಲಿಲ್ಲ.

ಆಗ ಚೀನಾದಲ್ಲಿ 7 ದೊಡ್ಡ ರಾಜ್ಯಗಳು, ಸದಾ ಕಾದಾಟ. ಅದರಲ್ಲಿ ಸೊರಗಿದ್ದು ಹಾನ್. ಇವನು ಅಲ್ಲಿನ ರಾಜಮನೆತನದ ಹುಡುಗ. ಮಾತು ತೊದಲು, ಬರೆಯಲು ಕೂತರೆ ಮಾತ್ರ ಕೈ ನಿಲ್ಲುತ್ತಿರಲಿಲ್ಲ. ಅವನ ಹೆಸರಲ್ಲಿ 55 ಅಧ್ಯಾಯಗಳ ಪುಸ್ತಕ ಉಳಿದಿದೆ. ಅಷ್ಟೂ ನೆನಪಿಡಬೇಕಿಲ್ಲ, ಒಂದು ಸಾಕು. ರಾಜ್ಯ ನಡೆಯಬೇಕಾದ್ದು ನಿಯಮದಿಂದ, ಯಾರದೋ ಒಳ್ಳೆಯ ಮನಸ್ಸಿನಿಂದಲ್ಲ.

ಅವನೇ ಹೇಳುವ ಕತೆ ಕೇಳಿ. ಇದು ನನಗೆ ತುಂಬಾ ಇಷ್ಟ. ಹಿಂದೆ ಅದೇ ಹಾನ್ ರಾಜ್ಯದಲ್ಲಿ ಝಾವೊ ಅಂತ ದೊರೆ ಇದ್ದ. ಒಂದು ಸಲ ಚೆನ್ನಾಗಿ ಕುಡಿದು ಹಾಗೇ ನಿದ್ದೆ ಹೋದ. ದೊರೆಯ ಟೋಪಿ ನೋಡಿಕೊಳ್ಳೋಕೆ ಒಬ್ಬ ಆಳು, ಅಂಗಿ ನೋಡಿಕೊಳ್ಳೋಕೆ ಇನ್ನೊಬ್ಬ. ಟೋಪಿಯವನು ನೋಡಿದ, ದೊರೆಗೆ ಚಳಿ ಆಗ್ತಾ ಇದೆ. ಪಾಪ ಅನ್ನಿಸಿ ಒಂದು ನಿಲುವಂಗಿ ತಂದು ಹೊದಿಸಿದ. ದೊರೆ ಎದ್ದ, ಮೈಮೇಲೆ ಬೆಚ್ಚಗೆ ಅಂಗಿ, ಖುಷಿಯಾಯಿತು. 'ಯಾರಪ್ಪಾ ಹೊದಿಸಿದ್ದು?' ಅಂದ. ಟೋಪಿಯವನು ಅಂದರು. ಈಗ ಇನಾಮು ಸಿಗುತ್ತೆ ಅಂದುಕೊಂಡಿರಿ ಅಲ್ವಾ? ಇಬ್ಬರಿಗೂ ಶಿಕ್ಷೆ! ಅಂಗಿಯವನಿಗೆ ತನ್ನ ಕೆಲಸ ಮಾಡದೇ ಇದ್ದಿದ್ದಕ್ಕೆ, ಟೋಪಿಯವನಿಗೆ ತನ್ನದಲ್ಲದ ಕೆಲಸಕ್ಕೆ ಕೈ ಹಾಕಿದ್ದಕ್ಕೆ.

ಈ ಕತೆ ಹೇಳಿದಾಗೆಲ್ಲ ಯಾರಾದರೂ 'ಛೆ, ಎಂಥ ಕಲ್ಲೆದೆ' ಅಂತಾರೆ. ಸ್ವಲ್ಪ ತಡೀರಿ. ದೊರೆಗೇನು ಚಳಿ ಇಷ್ಟವಿತ್ತಾ? ಇಲ್ಲ. ಆದರೆ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕೋದು ಚಳಿಗಿಂತ ಕೆಟ್ಟದ್ದು ಅಂತ ಅವನ ಲೆಕ್ಕ. ಇವತ್ತು ಪ್ರೀತಿಯಿಂದ ಅಂಗಿ ಹೊದಿಸಿದವನು ನಾಳೆ ಅಷ್ಟೇ ಪ್ರೀತಿಯಿಂದ ಖಜಾನೆಯ ಬೀಗದ ಕೈ ಇಟ್ಟುಕೊಂಡರೆ, ನಾಡಿದ್ದು ದೊರೆಯ ಪರವಾಗಿ ತಾನೇ ಆಜ್ಞೆ ಹೊರಡಿಸಿದರೆ, ಆಗ ಬೇಡ ಅನ್ನೋಕೆ ಯಾವ ಬಾಯಿ? ಇದು ನನ್ನ ಮಾತು, ಹಾನ್ ಫೈದಲ್ಲ. ಆದರೆ ಅವನು ಹೇಳೋದೂ ಇದನ್ನೇ: ನಿಯಮ ನಂಬು, ಮನಸ್ಸನ್ನಲ್ಲ.

ಅಯ್ಯೋ, ಕತೆಯಲ್ಲೇ ಅರ್ಧ ಸಮಯ ಹೋಯಿತು. ಬೇಗ ಹೇಳಿಬಿಡ್ತೀನಿ. ದೊರೆಯ ಕೈಲಿ ಎರಡೇ ಹಿಡಿಕೆಗಳು ಅಂತಾನೆ ಹಾನ್ ಫೈ, ಶಿಕ್ಷೆ ಮತ್ತು ಇನಾಮು. ಹುಲಿ ತನ್ನ ಉಗುರು ಹಲ್ಲು ನಾಯಿಗೆ ಕೊಟ್ಟರೆ ನಾಯಿಯೇ ಹುಲಿಯನ್ನು ಆಳುತ್ತೆ, ಹಾಗೆ ಇವೆರಡನ್ನೂ ಮಂತ್ರಿಗೆ ಬಿಟ್ಟುಕೊಟ್ಟ ದೊರೆ ಕೆಟ್ಟ. ಇನ್ನೊಂದು, ಹಳೇ ರಾಜರು ಹಾಗಿದ್ದರು ಹೀಗಿದ್ದರು ಅಂತ ಹಾಡಬೇಡಿ. ಒಂದು ಮೊಲ ಮರದ ಬೊಡ್ಡೆಗೆ ಡಿಕ್ಕಿ ಹೊಡೆದು ಸತ್ತಿತು ಅಂತ ಒಬ್ಬ ರೈತ ನೇಗಿಲು ಬಿಟ್ಟು, ಇನ್ನೊಂದು ಮೊಲ ಬರಲಿ ಅಂತ ಆ ಬೊಡ್ಡೆ ಕಾಯುತ್ತಾ ಕೂತನಂತೆ. ಹಳೇ ರಾಜರ ದಾರಿಯಲ್ಲೇ ಇವತ್ತು ಆಳ್ತೀನಿ ಅನ್ನೋನೂ ಆ ರೈತನ ಹಾಗೇ ಅಂತಾನೆ.

ಕೊನೆಗೆ ಅವನ ಸಾವು. ಚಿನ್ ರಾಜ್ಯದ ರಾಜ, ಮುಂದೆ ಇಡೀ ಚೀನಾಕ್ಕೆ ಚಕ್ರವರ್ತಿಯಾದವನು, ಇವನ ಬರಹ ಓದಿ ಮರುಳಾದ. ಹಾನ್ ಫೈ ರಾಯಭಾರಿಯಾಗಿ ಅಲ್ಲಿಗೇ ಹೋದ. ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು ಲಿ ಸು, ಹಿಂದೆ ಒಂದೇ ಗುರುವಿನ ಹತ್ತಿರ ಇವನ ಜೊತೆ ಓದಿದವನು. ಹಾನ್ ಫೈಯನ್ನು ನಂಬಬೇಡಿ, ಇವನು ಹಾನ್ ರಾಜ್ಯದ ಕಡೆಯವನು ಅಂತ ಲಿ ಸು ರಾಜನ ಕಿವಿ ಊದಿದ. ಹಾನ್ ಫೈಗೆ ಜೈಲಾಯಿತು. ಲಿ ಸು ವಿಷ ಕಳಿಸಿದ. ಕ್ರಿ.ಪೂ. 233. ರಾಜನಿಗೆ ಆಮೇಲೆ ತಪ್ಪು ಅನ್ನಿಸಿ ಕ್ಷಮಿಸಲು ಆಳು ಅಟ್ಟಿದ, ಅಷ್ಟರಲ್ಲಿ ಹಾನ್ ಫೈ ಸತ್ತಿದ್ದ. ಮೂರು ವರ್ಷಕ್ಕೆ ಹಾನ್ ರಾಜ್ಯವೂ ಚಿನ್ ಪಾಲಾಯಿತು.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ನಮಸ್ಕಾರ.