ಡಿಕಾಕ್ಷನ್ನಿನ ತಂಪು ಮಗ್ಗುಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಗಳಲ್ಲಿ ಕಾಫಿ ಬಿಸಿಯಾಗಿರಬೇಕೆಂಬುದು ಯಾರೂ ಬರೆದಿಡದ ಕಟ್ಟಳೆ. ಬಂದವರ ಕೈಗೆ ಲೋಟ ಕೊಟ್ಟು, "ಮಾತು ಆಮೇಲೆ ಆಡೋಣ, ಮೊದಲು ಕುಡಿಯಿರಿ, ಆರಿಹೋಗುತ್ತದೆ" ಎಂದು ಒತ್ತಾಯಿಸುವುದೂ, ಮಾತಿನಲ್ಲಿ ಮೈಮರೆತವರ ಲೋಟವನ್ನು ಒಳಗೆ ಒಯ್ದು ಮತ್ತೆ ಬಿಸಿ ಮಾಡಿ ತರುವುದೂ ಉಪಚಾರದ ಭಾಗವೇ ಆಗಿಬಿಟ್ಟಿವೆ. ಇಂಥ ಮನೆಯಲ್ಲಿ ಕಾಫಿಗೆ ಐಸ್ ಹಾಕುತ್ತೇನೆಂದರೆ ಹಿರಿಯರು ಹುಬ್ಬೇರಿಸುವುದು ಸಹಜ, ಮತ್ತು ಅವರ ಆಕ್ಷೇಪದಲ್ಲಿ ಹುರುಳೂ ಇದೆ. ಬಿಸಿಯಾಗಿ ಕುಡಿಯಲೆಂದು ಬೆರೆಸಿದ ಕಾಫಿ ತಾನಾಗಿ ಆರಿದಾಗ ಅದರ ಮೇಲೆ ಕೆನೆ ಕಟ್ಟುತ್ತದೆ, ಪರಿಮಳ ಹಾರಿಹೋಗುತ್ತದೆ, ಹಾಕಿದ ಸಕ್ಕರೆ ಸಾಲದೆನ್ನಿಸಿ ಕಹಿಯೊಂದೇ ನಾಲಗೆಯ ಮೇಲೆ ಉಳಿಯುತ್ತದೆ. ಅದನ್ನು ಯಾರೂ ಇಷ್ಟಪಟ್ಟು ಕುಡಿಯಲಾರರು. ಆದರೆ ಆರಿಹೋದ ಕಾಫಿ ಬೇರೆ, ತಂಪಾಗಿ ಕುಡಿಯಬೇಕೆಂದೇ ಮಾಡಿದ ಕಾಫಿ ಬೇರೆ. ಎರಡನೆಯದಕ್ಕೆ ಡಿಕಾಕ್ಷನ್ನಿನ ಗಟ್ಟಿತನ, ಸಿಹಿ, ಹಾಲು, ನೀರು ಎಲ್ಲದರ ಲೆಕ್ಕವೂ ತುಸು ಬದಲಾಗುತ್ತದೆ. ಆ ಲೆಕ್ಕವನ್ನು, ಅದರ ಜೊತೆಗೆ ದಿನವೂ ಮಾಡುವ ಕೆಲಸವೊಂದನ್ನು ಸ್ವಲ್ಪವೇ ಬದಲಿಸಿ ಮಾಡುವುದರಲ್ಲಿರುವ ಸಂತೋಷವನ್ನು ಕುರಿತು ಈ ಹೊತ್ತು ಮಾತನಾಡುತ್ತೇನೆ.

ಮೊದಲಿಗೆ ಹೇಳಬೇಕಾದದ್ದು, ಇದಕ್ಕಾಗಿ ಹೊಸದಾಗಿ ಕೊಳ್ಳಬೇಕಾದ ಉಪಕರಣ ಯಾವುದೂ ಇಲ್ಲ. ಬೇಕರಿಗಳಲ್ಲಿಯೂ ಐಸ್‌ಕ್ರೀಮ್ ಅಂಗಡಿಗಳಲ್ಲಿಯೂ ಕೋಲ್ಡ್ ಕಾಫಿ ಎಂಬ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಇನ್‌ಸ್ಟಂಟ್ ಪುಡಿ, ಹಾಲು, ಸಕ್ಕರೆ, ಕೆಲವೊಮ್ಮೆ ಒಂದು ಉಂಡೆ ವೆನಿಲಾ ಐಸ್‌ಕ್ರೀಮ್, ಇವನ್ನೆಲ್ಲ ಮಿಕ್ಸಿಗೆ ಹಾಕಿ ತಿರುವಿದ ಪಾನೀಯ. ಮಕ್ಕಳಿಗೆ ಅದು ಪ್ರಿಯ, ಬೇಡವೆನ್ನುವುದಕ್ಕೆ ನಾನು ಯಾರು? ಆದರೆ ಅದರಲ್ಲಿ ಕಾಫಿಯನ್ನು ಹುಡುಕಬೇಕಾಗುತ್ತದೆ. ಅಡುಗೆಮನೆಯಲ್ಲಿರುವ ಸ್ಟೀಲಿನ ಅಥವಾ ಹಿತ್ತಾಳೆಯ ಫಿಲ್ಟರ್ ಸಾಕು. ಗಟ್ಟಿಯಾದ ಡಿಕಾಕ್ಷನ್ನನ್ನು ನಿಧಾನವಾಗಿ ಇಳಿಸಿಕೊಡುವ ಈ ಜೋಡಿ ಪಾತ್ರೆ ತಂಪು ಕಾಫಿಗೆ ಹೇಳಿ ಮಾಡಿಸಿದಂತಿದೆ. ಎಷ್ಟೇ ಜಾಗ್ರತೆ ವಹಿಸಿದರೂ ಐಸ್ ಕರಗಿ ಒಂದಿಷ್ಟು ನೀರು ಸೇರಿಯೇ ಸೇರುವುದರಿಂದ, ಮೂಲದ್ರವ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು.

ಇಬ್ಬರಿಗೆ ಸಾಕಾಗುವಷ್ಟು ಮಾಡಬೇಕಾದರೆ ಸುಮಾರು 40 ಗ್ರಾಂ ಪುಡಿಯನ್ನು ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ, ಮೆಲ್ಲಗೆ ತಟ್ಟಿ ಸಮಮಾಡಿ, ತೂತಿನ ಬಿಲ್ಲೆಯನ್ನು ಹಗುರವಾಗಿ ಇಟ್ಟು, ಕುದಿದು ಅರ್ಧ ನಿಮಿಷ ಕಳೆದ 200 ಮಿಲಿ ಲೀಟರ್ ನೀರನ್ನು ಸುತ್ತಲೂ ಹರಡುವಂತೆ ಸುರಿಯಬೇಕು. ಪುಡಿ ತನ್ನ ತೂಕದ ಎರಡು ಪಟ್ಟಿನಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 120 ಮಿಲಿ ಲೀಟರಿನ ಆಸುಪಾಸು ಮಾತ್ರ. ಬಿಲ್ಲೆಯನ್ನು ಒತ್ತಿ ಹಿಡಿದು ಬೇಗ ಇಳಿಸಲು ಹೋದರೆ ಪುಡಿ ಇನ್ನಷ್ಟು ಬಿಗಿದುಕೊಂಡು, ಇಳಿಯುವುದೇ ನಿಂತುಹೋಗುತ್ತದೆ. ಎರಡನೆಯ ಸಲ ನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್ ಈ ಕೆಲಸಕ್ಕೆ ಬರುವುದಿಲ್ಲ; ಅದನ್ನು ಬೇಕಾದರೆ ಸಂಜೆಯ ಬಿಸಿ ಕಾಫಿಗೆ ಬೆರೆಸಿಕೊಳ್ಳಬಹುದು.

ಇನ್ನು ಐಸಿನ ವಿಷಯ. ಮನೆಯಲ್ಲಿ ಮಾಡಿದ ಐಸ್ ಕಾಫಿ ನೀರುನೀರಾಯಿತೆಂಬ ದೂರು ಬರುವುದು ಸಾಮಾನ್ಯವಾಗಿ ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಅದು ಒಂದು ಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕೆಂದೂ, ಒಂದು ಗ್ರಾಂ ಐಸ್ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆಂದೂ ಶಾಲೆಯ ವಿಜ್ಞಾನದ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. 80 ಡಿಗ್ರಿ ಬಿಸಿಯಿರುವ 120 ಗ್ರಾಂ ಡಿಕಾಕ್ಷನ್ನನ್ನು ಐಸಿನಿಂದಲೇ 5 ಡಿಗ್ರಿಗೆ ಇಳಿಸಬೇಕಾದರೆ ನೂರು ಗ್ರಾಮಿಗೂ ಮಿಕ್ಕಿ ಐಸ್ ಕರಗಬೇಕಾಗುತ್ತದೆ. ಅಂದರೆ ಡಿಕಾಕ್ಷನ್ನಿಗೆ ಹೆಚ್ಚುಕಡಿಮೆ ಅದರಷ್ಟೇ ನೀರನ್ನು ನಾವಾಗಿ ಸುರಿದಂತಾಯಿತು. ಅದೇ ಡಿಕಾಕ್ಷನ್ ಇರುವ ಪಾತ್ರೆಯನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಅದು 30 ಡಿಗ್ರಿಗೆ ಇಳಿದ ಮೇಲೆ ಐಸ್ ಹಾಕಿದರೆ 35 ಗ್ರಾಂ ಸಾಕು. ಖರ್ಚಿಲ್ಲದ ಒಂದು ಬೋಗುಣಿ ನೀರು ಮೂರರಲ್ಲಿ ಎರಡು ಪಾಲು ಐಸನ್ನು ಉಳಿಸಿಕೊಡುತ್ತದೆ. ಹಾಗೆ ಆರಿದ ಡಿಕಾಕ್ಷನ್ನನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿದರಂತೂ ಐಸಿನ ಕೆಲಸ ಇನ್ನೂ ಹಗುರವಾಗುತ್ತದೆ. ಮುಚ್ಚಳದ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕಾಫಿ ಪರರ ವಾಸನೆಯನ್ನು ಬಹು ಬೇಗ ಹಿಡಿದುಕೊಳ್ಳುತ್ತದೆ. ನಿನ್ನೆಯ ಹುಳಿಯ ಪಕ್ಕದಲ್ಲಿ ತೆರೆದಿಟ್ಟ ಡಿಕಾಕ್ಷನ್ನಿನಲ್ಲಿ ಇಂಗಿನ ಸುಳಿವು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ. ಐಸ್ ಟ್ರೇಗೂ ಇದೇ ಮಾತು ಸಲ್ಲುತ್ತದೆ.

ಇದಕ್ಕಿಂತಲೂ ಜಾಣತನದ ಉಪಾಯವೊಂದಿದೆ. ಮಿಕ್ಕ ಡಿಕಾಕ್ಷನ್ನನ್ನು ಟ್ರೇಯಲ್ಲಿ ಹೊಯ್ದು ಗಡ್ಡೆ ಕಟ್ಟಿಸಿ, ಆ ಕಪ್ಪು ತುಂಡುಗಳ ಮೇಲೆ ತಣ್ಣನೆಯ ಸಿಹಿ ಹಾಲನ್ನು ಸುರಿದರೆ, ಕರಗಿದಷ್ಟೂ ಕಾಫಿ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ರುಚಿ ಬೇರೆಯಾಗಿರುವ ಈ ಕಾಫಿಯನ್ನು ಅವಸರದಲ್ಲಿ ಕುಡಿಯಲಾಗುವುದಿಲ್ಲ, ಮತ್ತು ಹಾಗೆ ಕುಡಿಯಬಾರದು ಕೂಡ.

ಹಾಲನ್ನು ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು, ಬೆರೆಸುವ ಮುಂಚೆ ಕೆನೆಯನ್ನು ಸೋಸಿ ತೆಗೆಯಬೇಕು. ಬಿಸಿ ಕಾಫಿಯಲ್ಲಿ ಕೆನೆಯನ್ನು ಮೆಚ್ಚುವವರು ಕೂಡ ತಣ್ಣನೆಯ ಲೋಟದಲ್ಲಿ ಅದರ ಎಳೆ ತುಟಿಗೆ ಅಂಟಿದರೆ ಮುಖ ಸಿಂಡರಿಸುತ್ತಾರೆ. ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ಹಾಲು ಎಂಬುದು ನನ್ನ ಮನೆಯ ಅಳತೆ. ಸಕ್ಕರೆಯನ್ನು ಮಾತ್ರ ಡಿಕಾಕ್ಷನ್ ಬಿಸಿಯಿರುವಾಗಲೇ ಹಾಕಿ ಕದಡಿಬಿಡಬೇಕು, ಏಕೆಂದರೆ ತಣ್ಣನೆಯ ದ್ರವದಲ್ಲಿ ಅದು ಬೇಗ ಕರಗದೆ ಲೋಟದ ತಳದಲ್ಲಿ ಕುಳಿತುಬಿಡುತ್ತದೆ. ತಂಪಾದ ವಸ್ತುವಿನಲ್ಲಿ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ ಎಂಬುದು ಇನ್ನೊಂದು ಸಂಗತಿ. ಕರಗಿಹೋದ ಐಸ್‌ಕ್ರೀಮನ್ನು ಬಾಯಿಗಿಟ್ಟುಕೊಂಡವರಿಗೆ, ಅದರಲ್ಲಿ ಇಷ್ಟೊಂದು ಸಕ್ಕರೆಯಿತ್ತೇ ಎನ್ನಿಸಿರುತ್ತದೆ. ಹೀಗಾಗಿ ಬಿಸಿ ಕಾಫಿಯ ಅಳತೆಗಿಂತ ತುಸು ಹೆಚ್ಚು ಸಿಹಿ ಬೇಕಾಗುತ್ತದೆ. ಸಕ್ಕರೆ ಬಿಟ್ಟವರು ಸಿಹಿಯೇ ಇಲ್ಲದೆ ಕುಡಿದರೂ ನಷ್ಟವಿಲ್ಲ.

ಸಕ್ಕರೆಯ ಬದಲು ಬೆಲ್ಲ ಹಾಕಿ ನೋಡಿ ಎಂದು ನಾನು ವಿಶೇಷವಾಗಿ ಹೇಳುತ್ತೇನೆ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಬೆಲ್ಲದ ಕರಿ ಕಾಫಿ ಹಳೆಯ ರೂಢಿ; ಅಲ್ಲಿ ಅದನ್ನು ಬಿಸಿಯಾಗಿಯೇ ಕುಡಿಯುತ್ತಾರೆ. ಅದನ್ನೇ ಆರಿಸಿ, ಎರಡು ತುಂಡು ಐಸ್ ಹಾಕಿ, ಬೇಕಿದ್ದರೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ, ಬಿಸಿಲಿನಿಂದ ಬಂದವರಿಗೆ ಪಾನಕ ಕೊಡುವ ಹೊತ್ತಿನಲ್ಲಿ ಕೊಡಬಹುದಾದ ಇನ್ನೊಂದು ಪಾನೀಯ ಸಿದ್ಧವಾಗುತ್ತದೆ. ಹಾಲು ಹಾಕುವುದಾದರೆ ನಿಂಬೆರಸವನ್ನು ಮರೆತುಬಿಡಬೇಕು. ಬೆಲ್ಲ ಹಾಕಿದ ಬಿಸಿ ಹಾಲು ಕೆಲವೊಮ್ಮೆ ಒಡೆಯುತ್ತದೆಂಬ ಅಳುಕು ಎಲ್ಲ ಗೃಹಿಣಿಯರಿಗೂ ಇದೆ. ಆರಿದ ಬೆಲ್ಲದ ಡಿಕಾಕ್ಷನ್ನಿಗೆ ತಣ್ಣನೆಯ ಹಾಲು ಬೆರೆಸುವಾಗ ಆ ಅಳುಕಿಗೆ ಕಾರಣ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಬಿಸಿನೀರನ್ನೇ ಬಳಸದೆ ಕಾಫಿಯನ್ನು ಇಳಿಸುವ ಕ್ರಮವೂ ಒಂದಿದೆ. 50 ಗ್ರಾಂ ಪುಡಿಯನ್ನು 400 ಮಿಲಿ ಲೀಟರ್ ಶುದ್ಧವಾದ ತಣ್ಣೀರಿನಲ್ಲಿ ಕಲಸಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಹನ್ನೆರಡು ಹದಿನಾಲ್ಕು ಗಂಟೆಗಳ ನಂತರ ತೆಳುಬಟ್ಟೆಯಲ್ಲಿ ಸೋಸಿದರೆ ಆಯಿತು. ಶಾಖ ಮಾಡಬೇಕಾದ ಕೆಲಸವನ್ನು ಇಲ್ಲಿ ಕಾಲ ಮಾಡುತ್ತದೆ. ಆದರೆ ಕಾಲ ಶಾಖದಷ್ಟು ನಿಷ್ಠುರವಲ್ಲವಾದ್ದರಿಂದ, ಕಹಿಯನ್ನೂ ಚುರುಕು ಹುಳಿಯನ್ನೂ ಕೊಡುವ ಅಂಶಗಳಲ್ಲಿ ಒಂದಷ್ಟು ಪುಡಿಯಲ್ಲಿಯೇ ಉಳಿದು, ಮೃದುವಾದ ಕಾಫಿ ದೊರೆಯುತ್ತದೆ. ಬಿಸಿನೀರು ಮೇಲೆಬ್ಬಿಸುವ ಆ ಮೊದಲ ಪರಿಮಳ ಮಾತ್ರ ಇದರಲ್ಲಿ ಅಷ್ಟಾಗಿ ಇರುವುದಿಲ್ಲ. ನನಗೆ ಅದೊಂದು ಕೊರತೆಯೆಂದೇ ತೋರುತ್ತದೆ. ಫಿಲ್ಟರಿನ ಪಕ್ಷಪಾತಿಯೆಂದು ನೀವು ನನ್ನನ್ನು ಕರೆಯಬಹುದು. ಈ ಕ್ರಮಕ್ಕೆ ನುಣ್ಣನೆಯ ಪುಡಿ ಆಗುವುದಿಲ್ಲ, ಅದು ಬಟ್ಟೆಯಿಂದಲೂ ಜಾರಿ ಬಂದು ಲೋಟದಲ್ಲಿ ಗಷ್ಟು ಕಟ್ಟುತ್ತದೆ. ಕಾಫಿಪುಡಿ ಅಂಗಡಿಯಲ್ಲಿ ಬೀಜವನ್ನು ಕಣ್ಣೆದುರಿಗೇ ಬೀಸಿಕೊಡುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಉಳಿದಿರುವುದರಿಂದ, ಉಪ್ಪಿಟ್ಟಿನ ರವೆಯಷ್ಟು ತರಿಯಾಗಿ ಬೀಸಿಕೊಡಿ ಎಂದು ಕೇಳಿದರೆ ಅವರಿಗೆ ಅರ್ಥವಾಗುತ್ತದೆ.

ಅಂಗಡಿಯ ಮಾತು ಬಂದಾಗ ಚಿಕೋರಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗಿಡವೊಂದರ ಬೇರನ್ನು ಹುರಿದು ಪುಡಿಮಾಡಿದ ಈ ವಸ್ತುವಿನಲ್ಲಿ ಕೆಫೀನ್ ಇಲ್ಲ. ಬಣ್ಣ, ಮಂದತ್ವ, ಸುಟ್ಟ ಸಕ್ಕರೆಯನ್ನು ನೆನಪಿಸುವ ಸಿಹಿಗಹಿ, ಇವು ಅದರ ಕೊಡುಗೆ. ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದು ನಮ್ಮ ದೇಶದ ಆಹಾರ ನಿಯಮವಿದೆ ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಿರಬೇಕು. ಹಾಲು ಬೆರೆಸುವ ಐಸ್ ಕಾಫಿಗೆ ನೂರಕ್ಕೆ ಇಪ್ಪತ್ತರಷ್ಟು ಚಿಕೋರಿ ಇದ್ದರೆ ಐಸ್ ಕರಗಿದ ಮೇಲೂ ಬಣ್ಣ ಮತ್ತು ಮೈ ಉಳಿಯುತ್ತವೆ. ರಾತ್ರಿಯಿಡೀ ನೆನೆಸುವ ಕ್ರಮಕ್ಕಾದರೋ ಬರಿಯ ಕಾಫಿಯೇ ಮೇಲು.

ಗಟ್ಟಿ ಕಾಫಿಯನ್ನು ತಂಪು ಮಾಡಿ ಕುಡಿಯುವ ರೂಢಿ ಬೆಚ್ಚನೆಯ ನಾಡುಗಳಲ್ಲಿ ಎಂದೋ ಬೇರೂರಿದೆ. ವಿಯೆಟ್ನಾಮಿನಲ್ಲಿ ಫಿನ್ ಎಂಬ ಪುಟ್ಟ ಲೋಹದ ಫಿಲ್ಟರನ್ನು ಲೋಟದ ಮೇಲೆಯೇ ಇಟ್ಟು, ಹನಿಹನಿಯಾಗಿ ಇಳಿದ ಕಾಫಿಗೆ ಡಬ್ಬಿಯ ಗಟ್ಟಿಹಾಲನ್ನು ಬೆರೆಸಿ, ಐಸಿನ ಮೇಲೆ ಸುರಿದು ಕುಡಿಯುತ್ತಾರೆ. ನಮ್ಮ ಫಿಲ್ಟರಿನ ಹತ್ತಿರದ ನಂಟನೆಂದೇ ಅದನ್ನು ಕರೆಯಬಹುದು. ಗ್ರೀಸ್ ದೇಶದ ಥೆಸಲೋನಿಕಿ ನಗರದಲ್ಲಿ 1957ರಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ, ಬಿಸಿನೀರು ಸಿಗದ ಉದ್ಯೋಗಿಯೊಬ್ಬ ಇನ್‌ಸ್ಟಂಟ್ ಕಾಫಿಯನ್ನು ತಣ್ಣೀರಿನೊಂದಿಗೆ ಮುಚ್ಚಿದ ಪಾತ್ರೆಯಲ್ಲಿ ಕುಲುಕಿ ನೊರೆಯೆಬ್ಬಿಸಿ ಕುಡಿದನಂತೆ; ಅದೇ ಫ್ರಾಪೆ ಎಂದು ಹೆಸರಾಗಿ ಆ ದೇಶದ ಬೇಸಿಗೆಯ ಪಾನೀಯವಾಯಿತು. ಲೋಟ ಬಟ್ಟಲುಗಳ ನಡುವೆ ಎತ್ತಿ ಹೊಯ್ದು ನೊರೆ ಬರಿಸುವ ನಾವು, ಐಸ್ ಕಾಫಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಲುಕುವ ಈ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಮುಚ್ಚಳ ಭದ್ರವಾಗಿದೆಯೇ ಎಂದು ದೊಡ್ಡವರು ನೋಡಿದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ, ಇವೆಲ್ಲವನ್ನೂ ಒಂದೇ ದಿನ ಮಾಡಿಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪುಡಿ, ಬೆಲ್ಲ, ಹಾಲು, ಅಳತೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ, ಚೆನ್ನಾಗಿ ಆದರೂ ಕೆಟ್ಟರೂ ಅದು ಯಾವುದರಿಂದ ಎಂಬುದು ತಿಳಿಯುವುದಿಲ್ಲ. ಒಂದನ್ನೇ ಬದಲಿಸಿ, ಉಳಿದುದನ್ನು ಇದ್ದಂತೆಯೇ ಬಿಟ್ಟಾಗ ಆ ಒಂದರ ಗುಣ ಸ್ಪಷ್ಟವಾಗಿ ಕಾಣುತ್ತದೆ. ಈ ವಾರ ಬೆಲ್ಲ, ಮುಂದಿನ ವಾರ ಹಣ್ಣಿನೊಳಗೆ ಜೋಡಿಯಿಲ್ಲದೆ ಒಂಟಿಯಾಗಿ ದುಂಡಗೆ ಬೆಳೆಯುವ ಪೀಬೆರಿ ಬೀಜ, ಇನ್ನೊಮ್ಮೆ ಅರೇಬಿಕಾ ಜಾತಿಯ ಕಾಫಿಗೆ ಸ್ವಲ್ಪ ರೊಬಸ್ಟಾ ಜಾತಿಯದನ್ನು ಸೇರಿಸಿದ ಪುಡಿ ಎಂದು ಹೋಗುತ್ತಿದ್ದರೆ, ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಕುತೂಹಲ ಸೇರಿಕೊಳ್ಳುತ್ತದೆ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ನಮ್ಮ ರಾಜ್ಯದಲ್ಲಿ, ಅದರಲ್ಲಿಯೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ನಾವು ಸೆಕೆಯಲ್ಲಿ ಐಸ್ ಹುಡುಕುವ ಮಾರ್ಚಿ ಏಪ್ರಿಲ್ ತಿಂಗಳಿನಲ್ಲಿಯೇ ಅಲ್ಲಿನ ಬೆಳೆಗಾರರು ಹೂಮಳೆಯನ್ನು ಕಾಯುತ್ತಿರುತ್ತಾರೆ. ಮಳೆ ಬಿದ್ದು ಒಂದು ವಾರ ಹತ್ತು ದಿನಗಳೊಳಗೆ ಗಿಡಗಳು ಬೆಳ್ಳಗೆ ಹೂ ಬಿಟ್ಟು, ತೋಟದಲ್ಲಿ ಮಲ್ಲಿಗೆಯನ್ನು ಹೋಲುವ ಪರಿಮಳ ತುಂಬುತ್ತದೆ. ಯಾವ ಜಿಲ್ಲೆಯ ಬೀಜ, ಯಾವ ಹದದ ಹುರಿತ ಎಂದು ವಿಚಾರಿಸುವ ಅಭ್ಯಾಸವೂ ಇಂಥ ಚಿಕ್ಕ ಬದಲಾವಣೆಗಳಿಂದಲೇ ಹುಟ್ಟಿಕೊಳ್ಳುತ್ತದೆ.

ಕೊನೆಯದಾಗಿ ಹೊತ್ತಿನ ಮಾತು. ತಣ್ಣಗಿರುವುದರಿಂದ ಗಂಟಲಿನಲ್ಲಿ ಸರಾಗವಾಗಿ ಇಳಿಯುವ ಈ ಕಾಫಿಯನ್ನು, ಬಿಸಿ ಕಾಫಿಯಂತೆ ಗುಟುಕರಿಸದೆ, ನಮಗೆ ತಿಳಿಯದಂತೆಯೇ ಎರಡು ಲೋಟ ಕುಡಿದುಬಿಡುತ್ತೇವೆ. ತಂಪಾದ ಮಾತ್ರಕ್ಕೆ ಅದರ ಕೆಫೀನ್ ಕಡಿಮೆಯಾಗುವುದಿಲ್ಲ; ರೊಬಸ್ಟಾ ಸೇರಿದ್ದರೆ ಹೆಚ್ಚೇ ಇರುತ್ತದೆ, ಏಕೆಂದರೆ ಅದರಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಗಳ ನಂತರವೂ ಮೈಯಲ್ಲಿ ಉಳಿದಿರುವುದು ಸಾಮಾನ್ಯ. ಆದ್ದರಿಂದ ನಿದ್ರೆ ಸೂಕ್ಷ್ಮವಾಗಿರುವವರು ಮಧ್ಯಾಹ್ನದ ಊಟವಾದ ಮೇಲೆ, ಗಂಟೆ ಎರಡಾಗುವುದರೊಳಗೆ ಒಂದು ಲೋಟ ಮುಗಿಸಿಕೊಳ್ಳುವುದು ಲೇಸು. ಸಿದ್ಧಪಡಿಸಿದ ಡಿಕಾಕ್ಷನ್ನನ್ನು ಫ್ರಿಜ್ಜಿನಲ್ಲಿಟ್ಟರೂ ಎರಡನೆಯ ದಿನದೊಳಗೆ ಬಳಸಿ ಮುಗಿಸಿ. ಹಾಲು ಬೆರೆಸಿದ್ದನ್ನು ಮಾತ್ರ ಅಂದಂದಿಗೇ ಖಾಲಿ ಮಾಡಿ. ಫಿಲ್ಟರಿನಲ್ಲಿ ಉಳಿದ ಚರಟವನ್ನು ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಅದನ್ನು ಗೊಬ್ಬರದ ಕುಂಡಕ್ಕೆ ಹಾಕಿ.

ನಮಸ್ಕಾರ.